ಷಡ್ಡಕನ ಮನೆಯ ಬೆಸುಗೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಹತ್ತಿರವೂ ಷಡ್ಡಕನ ಹತ್ತಿರವೂ ಒಂದೇ ಮಾದರಿಯ ಹಳೇ ಕಾಲದ ಕಂಪ್ಯೂಟರ್ ಇದೆ. ಅದರ ಮೆಮೊರಿ ಹೆಚ್ಚಿಸಬೇಕೆಂದರೆ ಹಳೆಯ ಚಿಪ್ಪಿನ ಬೆನ್ನ ಮೇಲೆ ಹೊಸದನ್ನು ಕೂರಿಸಿ, ಅವುಗಳ ಲೋಹದ ಕಾಲಿಗೆ ಕಾಲು ಬೆಸೆಯಬೇಕು. ನಾನು ಬೆಸೆದದ್ದು ಕೆಟ್ಟು, ಪರದೆ ತುಂಬ ಬರೀ ಗೆರೆ. ಅವನದು ಓಡುತ್ತಿದೆ ಎಂದು ಕೇಳಿದ್ದೇ ಹೊಟ್ಟೆಗೆ ಬೆಂಕಿ ಬಿತ್ತು. ಮಧ್ಯಾಹ್ನವೇ ನೋಡಲು ಹೋದೆ.

ಕಂಪ್ಯೂಟರ್ ಓಡುತ್ತಿದ್ದಂತೆಯೇ ಮುಚ್ಚಳ ತೆಗೆದರೆ ಒಂದೊಂದು ಬೆಸುಗೆಯೂ ಮುತ್ತು ಪೋಣಿಸಿದ ಹಾಗಿತ್ತು. ಕೊನೆಯ ಕಾಲಿಗೆ ತಂತಿಯನ್ನು ಎಡಕ್ಕೆ ಸುತ್ತಿ ಬೆಸೆಯಲಾಗಿತ್ತು. ಅದು ನನ್ನ ಅಭ್ಯಾಸ, ಬೇರೆ ಯಾರೂ ಹಾಗೆ ಸುತ್ತುವುದಿಲ್ಲ. ಚಿಪ್ಪನ್ನು ಮುಟ್ಟಿದೆ. ಓಡುವ ಚಿಪ್ಪು ಬೆಚ್ಚಗಿರಬೇಕು. ಇದು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

"ಯಾರು ಮಾಡಿಕೊಟ್ಟಿದ್ದು?" ಎಂದೆ.

ಷಡ್ಡಕ ನಕ್ಕ. "ತಮಾಷೆ ಮಾಡ್ಬೇಡಿ ಅಣ್ಣ. ಭಾನುವಾರ ನೀವೇ ಬಂದು ಮಾಡಿದ್ರಲ್ಲ! ಒಂದು ಮಾತೂ ಆಡ್ಲಿಲ್ಲ."

ಒಳಗಿನಿಂದ ನಾದಿನಿ ಕೂಗಿ ಹೇಳಿದಳು: "ಅವತ್ತು ಕಾಫಿ ಕೊಡೋವಾಗ ನಿಮ್ಮ ಕೈ ತಾಗ್ತು ಭಾವ, ಅದೇನು ಅಷ್ಟು ತಣ್ಣಗೆ!"

ಆ ಭಾನುವಾರವೆಲ್ಲ ನಾನು ಮನೆಯಲ್ಲೇ ಕೂತು ನನ್ನದನ್ನು ಕೆಡಿಸುತ್ತಿದ್ದೆ. ಬೇಕಾದರೆ ನನ್ನ ಹೆಂಡತಿಯನ್ನೇ ಕೇಳಿ.

ಹೆದರಿಕೆ ಆಗಲಿಲ್ಲ ಎಂದಲ್ಲ. ಆದರೆ ಅಂಥ ಬೆಸುಗೆ ನನ್ನ ಕೈಗೆ ಇವತ್ತಿಗೂ ಬಂದಿಲ್ಲ.