ತಣ್ಣಗಿದ್ದ ಕೂಲರ್

ಸಂಜೆ ನಾಲ್ಕು ಗಂಟೆ. ಕಂಪ್ಯೂಟರ್ ಅಂಗಡಿಯ ಮೆಲಿಸ್‌ನ ಬಲಗೈಯನ್ನು ಮೇಜಿಗೆ ಬಿಗಿದು ಕಟ್ಟಿದ್ದರು. ಪಕ್ಕದಲ್ಲಿ ಡ್ರೈವರ್ ಎರ್ಕಿನ್ ಸುತ್ತಿಗೆ ಹಿಡಿದು ನಿಂತಿದ್ದ.

ಮೇಜಿನ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್. ಪಕ್ಕೆ ಬಿಚ್ಚಿಕೊಂಡು, ಕರುಳು ತೋರಿಸುತ್ತಾ...

"ಬಾ ಸಾಮತ್," ಎಂದ ಕೆಲ್ದಿಬೆಕ್. "ಮೊದಲು ಚಾ ಕುಡಿ. ಆಮೇಲೆ ಹೇಳು. ಈ ಅಂಗಡಿಯವನು ನನಗೆ ಕೆಟ್ಟ ಪ್ರೊಸೆಸರ್ ಮಾರಿದ್ದಾನೋ ಇಲ್ಲವೋ?"

ಬಿಶ್ಕೆಕ್‌ನ ಅರ್ಧ ಕುದುರೆ ವ್ಯಾಪಾರ ಕೆಲ್ದಿಬೆಕ್‌ನದು. ಇನ್ನರ್ಧ ಅವನಿಗೆ ಹೆದರಿ ನಡೆಯುತ್ತದೆ. ಇಂಥವರ ಮನೆಯಲ್ಲಿ ಕೆಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು. ಯಂತ್ರವಾದರೂ ಸರಿ, ಜಗಳವಾದರೂ ಸರಿ.

ಕೂತೆ. ಪ್ಲಾಸ್ಟಿಕ್ ಹೊದಿಸಿದ ಸೋಫಾ ಕಿರುಗುಟ್ಟಿತು.

"ಮಾರಿದ್ದರೆ?"

"ಐದೂ ಬೆರಳು! ನಾಳೆ ಕೋಕ್-ಬೋರು ಕುದುರೆ ಪಂದ್ಯ. ನನ್ನ ಕುದುರೆಗಳನ್ನ ನನ್ನ ಚಾನೆಲ್‌ನಲ್ಲೇ ಜನ ನೋಡಬೇಕು. ಈ ದರಿದ್ರ, ಆನ್ ಮಾಡಿದ ಕೂಡಲೇ ಕಾದು ಸಾಯುತ್ತೆ!"

"ಜೋಡಿಸಿದ್ದು ಯಾರಣ್ಣ?"

"ನಾನೇ!" ಎದೆ ಉಬ್ಬಿಸಿದ. "ವಿಡಿಯೊ ನೋಡಿಕೊಂಡು, ಒಂದೊಂದು ಸ್ಕ್ರೂನೂ ನನ್ನ ಕೈಯಾರೆ."

ಮೆಲಿಸ್ ನನ್ನನ್ನೇ ನೋಡುತ್ತಿದ್ದ. ತುಟಿ ಒಣಗಿತ್ತು.

"ಸಾಮತಣ್ಣ... ಹೊಸ ಮಾಲು. ನನ್ನ ಮಕ್ಕಳಾಣೆ."

"ಮಕ್ಕಳಿಗೆ ಅನ್ನ ಕಲೆಸಿ ಕೊಡೋಕೆ ಎಡಗೈ ಇದೆಯಲ್ಲ," ಎಂದ ಎರ್ಕಿನ್. ಕೆಲ್ದಿಬೆಕ್ ನಕ್ಕ. ಎರ್ಕಿನ್ ಇನ್ನೂ ಜೋರಾಗಿ ನಕ್ಕ.

ಯಂತ್ರ ಹಚ್ಚಿದೆ. ಪರದೆಯ ಮೇಲೆ ಬಿಸಿಯ ಅಂಕಿ ಏರಿತು. ಎಪ್ಪತ್ತು... ಎಂಬತ್ತೈದು... ತೊಂಬತ್ತೆಂಟು! ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಧೂಳಿರಲಿಲ್ಲ. ಪ್ರೊಸೆಸರ್ ಮೇಲೆ ಕೂರಿಸಿದ್ದ ಕೂಲರಿನ ಲೋಹದ ರೆಕ್ಕೆಗಳ ಮೇಲೆ ಬೆರಳಿಟ್ಟೆ.

ತಣ್ಣಗಿತ್ತು.

ಅಷ್ಟು ಸಾಕು. ಕೆಳಗೆ ಬೆಂಕಿ, ಮೇಲೆ ತಂಪು. ಬಿಸಿ ಮೇಲೇರದಂತೆ ನಡುವೆ ಏನೋ ತಡೆದಿದೆ.

ಪರದೆ ಕಪ್ಪಾಯಿತು. ಪ್ಲಗ್ ಎಳೆದೆ. ನಾಲ್ಕೂ ಸ್ಕ್ರೂ ಬಿಚ್ಚಿ ಕೂಲರನ್ನು ಎತ್ತಿ ತಿರುವಿದೆ.

ತಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಬಿಸಿ ದಾಟಿಸುವ ಪೇಸ್ಟನ್ನು ಅದರ ಮೇಲೆಯೇ ಬಳಿದಿದ್ದರು. 'ಕೂರಿಸುವ ಮೊದಲು ಕಿತ್ತು ತೆಗೆಯಿರಿ' ಎಂದು ಮೂರು ಭಾಷೆಯಲ್ಲಿ ಕೆಂಪಕ್ಷರ!

ನಮ್ಮ ಮನೆಗಳಲ್ಲಿ ಹೊಸ ಸಾಮಾನಿನ ಪ್ಲಾಸ್ಟಿಕ್ ಯಾರೂ ಕೀಳುವುದಿಲ್ಲ. ರಿಮೋಟ್ ಆಗಲಿ, ಕಾರಿನ ಸೀಟಾಗಲಿ. ಕಿತ್ತರೆ ಹಳೆಯದಾಯಿತು ಎಂದರ್ಥ. ಕೆಲ್ದಿಬೆಕ್ ಇದನ್ನೂ ಹಾಗೆಯೇ ಜೋಪಾನ ಮಾಡಿದ್ದ.

"ಅಣ್ಣ, ಇವರನ್ನ ಹೊರಗೆ ಕಳಿಸಿ."

"ಇಲ್ಲೇ ಹೇಳು."

"ಒಂದೇ ನಿಮಿಷ..."

"ಎರ್ಕಿನ್, ಸುತ್ತಿಗೆ ಎತ್ತು!"

ಮೆಲಿಸ್ ಕಿರುಚಿದ. ನಾನು ಹಾಳೆ ಕಿತ್ತು ಮೇಲೆ ಹಿಡಿದೆ.

"ಪ್ರೊಸೆಸರ್ ಚೆನ್ನಾಗಿದೆ. ಕೂರಿಸುವಾಗ ಇದನ್ನ ಕಿತ್ತಿಲ್ಲ."

ಕೆಲ್ದಿಬೆಕ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಕೆಂಪಕ್ಷರ ಓದಿದ. ಕಿವಿ ಕೆಂಪಾಯಿತು. ನಿಧಾನವಾಗಿ ತಲೆ ಎತ್ತಿದ.

"ಕೂಲರ್ ಕೂರಿಸಿದ್ದು ಯಾರು?"

ಉತ್ತರ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವಷ್ಟು ದಡ್ಡರು ಯಾರೂ ಇರಲಿಲ್ಲ. ಹಿರಿಯರ ಮರ್ಯಾದೆ ಹೋಗುವ ಹೊತ್ತಿಗೆ ಕಿರಿಯರೊಬ್ಬರು ಅಡ್ಡ ನಿಲ್ಲಬೇಕು. ನಮ್ಮಲ್ಲಿ ಹಾಗೆಯೇ.

"ನಾನಣ್ಣ," ಎಂದ ಎರ್ಕಿನ್. ತಲೆ ತಗ್ಗಿಸಿ ನಕ್ಕ. ಬೈಗುಳಕ್ಕೆ ಕಾದಿದ್ದ.

ಬೈಗುಳ ಬರಲಿಲ್ಲ.

"ಮೆಲಿಸ್‌ನ ಕಟ್ಟು ಬಿಚ್ಚು," ಎಂದ ಕೆಲ್ದಿಬೆಕ್. "ಈಗ ನಿನ್ನ ಬಲಗೈ ಇಡು."

"ಅಣ್ಣ...?"

"ಇಡು ಅಂದೆ. ತಪ್ಪು ಮಾಡಿದ್ದು ನೀನು ತಾನೆ?"

ಇಟ್ಟ. ಕೆಲ್ದಿಬೆಕ್ ಸುತ್ತಿಗೆಯನ್ನು ಮೆಲಿಸ್‌ಗೆ ಕೊಟ್ಟ.

"ತಗೋ ತಮ್ಮ. ನಿನಗೆ ಸುಮ್ಮನೆ ತೊಂದರೆಯಾಯಿತು."

ಮೆಲಿಸ್ ಬೇಡವೆನ್ನುತ್ತಾನೆ ಅಂದುಕೊಂಡೆ. ಎನ್ನಲಿಲ್ಲ. ಒಂದು ಏಟು ಸಾಕಿತ್ತು... ಅವನು ಎರಡು ಹೊಡೆದ!

ನಾನು ಹೊಸ ಪೇಸ್ಟ್ ಬಳಿದು ಕೂಲರ್ ಕೂರಿಸಿದೆ. ನಲವತ್ತೊಂದು ಡಿಗ್ರಿ. ಅಲುಗಲಿಲ್ಲ.

"ನೋಡಿದಿರಾ, ನಾನು ಜೋಡಿಸಿದ್ದು!" ಎಂದ ಕೆಲ್ದಿಬೆಕ್. "ಎರ್ಕಿನ್, ಸಾಮತ್‌ನನ್ನ ಮನೆಗೆ ಬಿಟ್ಟು ಬಾ."

ಎರ್ಕಿನ್ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದ. ಮನೆಯವರೆಗೂ ಗೇರು ನಾನು ಹಾಕಿದೆ.