ಸೀಸದ ನೀರು

"ಆ ನೀರು ತುಳೀಬೇಡ ಮಗಳೇ, ಸುತ್ತು ಹಾಕ್ಕೊಂಡು ಹೋಗು," ಎಂದಳು ಹಾಯ್ರಿಯಾ ಅಜ್ಜಿ, ವೆದ್ರಾನಾಳಿಗೆ.

ಬೋಸ್ನಿಯಾದ ಆ ಗಣಿಯೂರಿನಲ್ಲಿ, ಅಜ್ಜಿಯ ಮನೆಯೆದುರಿನ ಕೂಡುದಾರಿ ಒದ್ದೆಯಾಗಿತ್ತು. ಯುದ್ಧದಲ್ಲಿ ಗಂಡ ಕಾಣೆಯಾದಂದಿನಿಂದ ಮರಗಟ್ಟಿ ಕೂತಿದ್ದ ಮೆವ್ಲಿದಾಳ ತಲೆಗೆ ಕೆಂಪು ಬಟ್ಟೆ ಹೊದಿಸಿ, ಮೇಲೆ ಬೋಗುಣಿ ಹಿಡಿದು, ಅದರ ನೀರಿಗೆ ಅಜ್ಜಿ ಕಾದ ಸೀಸ ಹುಯ್ದಿದ್ದಳು. ಎದೆ ಮರಗಟ್ಟಿಸಿದ ಪೀಡೆ ನೀರಿಗಿಳಿಯುತ್ತದೆ, ಆ ನೀರನ್ನು ದಾರಿಗೆ ಚೆಲ್ಲುತ್ತಾರೆ. ತುಳಿದವರಿಗೆ ಹತ್ತುತ್ತದೆ. ಊರವರೆಲ್ಲ ಬಳಸಿ ನಡೆಯುತ್ತಾರೆ.

ವೆದ್ರಾನಾ ರಾಜಧಾನಿಯಿಂದ ಮಗಳು ಇನೆಸ್ ಜೊತೆ ಹೊಸದಾಗಿ ಬಂದ ಮನೋವೈದ್ಯೆ. ತಾನು ಕೊಟ್ಟ ಮಾತ್ರೆ ಬಿಟ್ಟು ಮೆವ್ಲಿದಾ ಸೀಸಕ್ಕೆ ತಲೆಯೊಡ್ಡಿದ್ದು ಅವಳಿಗೆ ಉರಿ ಹತ್ತಿಸಿತ್ತು.

"ನೋಡ್ಕೊಳ್ಳಿ ಎಲ್ರೂ," ಎಂದು ನಡುವೆಯೇ ಕಾಲಿಟ್ಟಳು.

ಯಾರೂ ನಗಲಿಲ್ಲ. ಅಜ್ಜಿ ಕೇಳಿದಳು, "ನೀನು ಯಾರ ಪೈಕಿ?"

"ಯುದ್ಧದಲ್ಲಿ ಅಪ್ಪನ ಜನ ಆ ಕಡೆ, ಅಮ್ಮನ ಜನ ಈ ಕಡೆ. ನಾನು ಯಾರ ಪೈಕಿನೂ ಅಲ್ಲ."

"ಹಾಗಾದ್ರೆ ಹತ್ತಿದ್ದನ್ನ ಹಂಚ್ಕೊಳ್ಳೋಕೆ ನಿಂಗೆ ಯಾರೂ ಇಲ್ಲ."

ಮೆವ್ಲಿದಾ ಮರುದಿನವೇ ನಕ್ಕಳಂತೆ. ಅವಳ ಅಂಗಳದ ತುಂಬ ಕಾಫಿಗೆ ಬಂದ ನೆರೆಯವರು. ವೆದ್ರಾನಾಳ ಬಾಗಿಲನ್ನು ಒಬ್ಬರೂ ತಟ್ಟಲಿಲ್ಲ. ಈ ಬೀದಿಗೆ ಅವಳು ಅವರವಳು, ಆ ಬೀದಿಗೆ ಇವರವಳು. ಮೊದಲು ಕಲ್ಲಿದ್ದಲ ಹೊಗೆಯ ವಾಸನೆ ಹೋಯಿತು. ಆಮೇಲೆ ನಾಲಿಗೆಯ ರುಚಿ. ಒಂದು ಬೆಳಗ್ಗೆ ಕುದಿಯುವ ಕಾಫಿ ಪಾತ್ರೆಗೆ ಬೆರಳು ಅಂಟಿ ಚರ್ಮ ಸುಲಿಯಿತು. ನೋವೇ ಇಲ್ಲ. ಖಿನ್ನತೆ, ಒಂಟಿತನ ಎಂದು ತನಗೆ ತಾನೇ ಹೆಸರಿಟ್ಟುಕೊಂಡಳು. ಹೆಸರಿಟ್ಟರೆ ಬಿಟ್ಟು ಹೋಗುವ ಪೀಡೆಯಲ್ಲ ಅದು. ಇನೆಸ್ ಮೆಟ್ಟಿಲಿಂದ ಬಿದ್ದು ಮಂಡಿ ಒಡೆದುಕೊಂಡು "ಅಮ್ಮಾ" ಎಂದು ಅತ್ತಾಗ, ತಾಯಿ ಕೂತಲ್ಲಿಂದ ಏಳಲಿಲ್ಲ. ಏಳಬೇಕೆಂದು ಅನ್ನಿಸಲೂ ಇಲ್ಲ.

ಮಗು ತಾಯಿಯನ್ನು ಕಳೆದುಕೊಳ್ಳುತ್ತಿದೆ ಎಂಬುದು ಮಾತ್ರ ಲೆಕ್ಕದಂತೆ ತಿಳಿಯಿತು. ಅಜ್ಜಿಯ ಮನೆಗೆ ಹೋದಳು.

"ಹುಯ್ತೀನಿ," ಎಂದಳು ಅಜ್ಜಿ. "ಆದ್ರೆ ನೀರು ಚೆಲ್ಲೋದು ಇಲ್ಲೇ, ಮನೆ ಮುಂದಿನ ಕೂಡುದಾರೀಲಿ. ಶಾಲೆ ಮಕ್ಕಳು ಓಡಿ ಬರೋ ದಾರಿ. ನಮ್ಮ ಮಕ್ಕಳಿಗೆ ಹೇಳಿಟ್ಟಿದೀವಿ. ಮಕ್ಕಳಿಗೆ ಹತ್ತಿದ್ರೆ ಸೀಸಕ್ಕೂ ಇಳಿಯಲ್ಲ. ನಿನ್ನ ಮಗಳಿಗೆ ಹೇಳಿ ಬಾ, ಕಾಯ್ತೀನಿ."

ಎದೆ ಝಲ್ಲೆನ್ನಬೇಕಿತ್ತು. ಅನ್ನಲಿಲ್ಲ. ಮತ್ತೆ ಅಷ್ಟು ದೂರ ನಡೆಯಬೇಕಲ್ಲ ಎನಿಸಿತು, ಅಷ್ಟೇ.

"ಹೇಳಿದೀನಿ, ಅಜ್ಜಿ. ಹುಯ್ಯಿ."

ಕೆಂಪು ಬಟ್ಟೆ ಬಿತ್ತು. ಕತ್ತಲು. ನೆತ್ತಿಯ ಮೇಲೆ ಚುಂಯ್ ಎಂದಿತು ಸೀಸ. ಅಜ್ಜಿಯ ಹೆಜ್ಜೆ ಹೊರಗೆ ಹೋಯಿತು, ನೀರು ಚೆಲ್ಲಿದ ಸದ್ದಾಯಿತು, ಹೆಜ್ಜೆ ಒಳಗೆ ಬಂತು. ವೆದ್ರಾನಾ ಬಟ್ಟೆಯೊಳಗೇ ಕೂತಿದ್ದಳು. ದೂರದಲ್ಲಿ ಶಾಲೆಯ ಗಂಟೆ.

ಆಗ ಹೊಗೆ ಮೂಗಿಗೆ ಬಡಿಯಿತು. ಸುಟ್ಟ ಬೆರಳು ಉರಿಯಿತು. ಹಸಿವಾಯಿತು. ಅಳು ಬಂತು. ಎಲ್ಲಕ್ಕಿಂತ ಕೊನೆಗೆ, ಭಯ.

ಬಟ್ಟೆ ಕಿತ್ತೆಸೆದಳು. ಓಡಿದಳು. ಬಾಗಿಲು. ಅಂಗಳ. ದಾರಿ.

ಒದ್ದೆ ನೆಲದ ನಡುವೆ ಇನೆಸ್ ನಿಂತಿದ್ದಳು. ವೆದ್ರಾನಾ ಅವಳನ್ನು ಬಾಚಿ ತಬ್ಬಿ, ಊರಿಗೆಲ್ಲ ಕೇಳುವಂತೆ ಗೋಳಾಡಿದಳು.

"ಯಾಕಮ್ಮ ಅಳ್ತಿದೀಯ?" ಎಂದಿತು ಮಗು. ಆ ದನಿಯಲ್ಲಿ ಏನೂ ಇರಲಿಲ್ಲ.