ಅಳಿಸಿ ಅಂದವರು ಯಾರು?

"ಏನ್ ಬಾಯಾರ, ಹಾಡ ಅಂತ ಹೇಳಿ ಮಂದಿಗೆ ಕಲ್ಲ ತುಂಬಿ ಕೊಡತೀರೇನು?"

ಗಾಜಿನ ಕೌಂಟರಿನ ಮೇಲೆ ಪೆನ್‌ಡ್ರೈವ್ ಟಪ್ಪೆಂದು ಬಿತ್ತು. ಕಂಪ್ಯೂಟರ್ ಮುಂದೆ ಕುಳಿತಿದ್ದ ರಾಜೇಶ್ವರಿ ಬೆಚ್ಚಿ ತಲೆ ಎತ್ತಿದಳು.

ಎದುರಿಗೆ ಒಬ್ಬ ಹುಡುಗ, ಖಾಕಿ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ಮುಖ ಕೆಂಪಾದದ್ದು ಬಿಸಿಲಿಗೋ ಸಿಟ್ಟಿಗೋ, ದೇವರೇ ಬಲ್ಲ!

"ಅಣ್ಣಾರ, ಮೊದ್ಲ ದನಿ ಇಳಸ್ರಿ. ಇದು ಸಂತಿ ಅಲ್ಲ, ಅಂಗಡಿ."

"ನಾ ಯಾರ ಅಣ್ಣಾನೂ ಅಲ್ರಿ! ನೀವು ಹಾಡ ತುಂಬಿ ಕೊಟ್ಟದ್ದು ನನ್ನ ಗಾಡಿ ಟೇಪ್ ಓದವಲ್ಲದು. ಹಚ್ಚಿದ್ರ 'ನೋ ಡಿವೈಸ್' ಅಂತೈತಿ. ಬಾಡಿಗಿ ಮಂದಿ ಮುಂದ ಮರ್ಯಾದಿ ಹೋತು!"

"ಪೆನ್‌ಡ್ರೈವ್ ನಿಮ್ದು, ಟೇಪ್ ನಿಮ್ದು. ಹಾಡ ಅಷ್ಟ ನಮ್ದು. ಅವು ಇಲ್ಲೆ ಚಲೋ ಹಾಡತಾವು, ಕೇಳ್ರಿ ಬೇಕಾದ್ರ!"

ಆಕೆ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದಳು. ಹಾಡು ಬಂತು. ಹುಡುಗನ ಸಿಟ್ಟು ಜರ್ರನೆ ಇಳಿಯಿತು.

"ಹಂಗಾರ... ತಪ್ಪು ನನ್ನ ಗಾಡೀದೇನ್ರಿ?"

"ಗಾಡಿ ಬಾಯಿ ಬಿಟ್ಟು ಹೇಳಿದ್ರ ಕೇಳಬಹುದಿತ್ತು!"

ಅವನು ನಕ್ಕುಬಿಟ್ಟ. ಅಯ್ಯೋ, ಆ ನಗು! ಬಯ್ಯಲು ಬಂದವನು ಹೀಗೆ ನಗಬಾರದಿತ್ತು ಎಂದು ರಾಜೇಶ್ವರಿಗೆ ಅನ್ನಿಸಿತು.

ಇದು ಎರಡು ಸಾವಿರದ ಒಂಬತ್ತರ ಮಾತು. ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರು ಸುಭಾಸ ಕಾಕಾನ ಅಂಗಡಿ. ಮೊಬೈಲಿಗೆ, ಪೆನ್‌ಡ್ರೈವಿಗೆ ಹಾಡು ತುಂಬಿ ಕೊಡುವುದೇ ಅಲ್ಲಿಯ ವ್ಯಾಪಾರ. ರಾಜೇಶ್ವರಿ ಆತನ ಅಣ್ಣನ ಮಗಳು. ಅಪ್ಪ ಅವ್ವ ಚಿಕ್ಕಂದಿನಲ್ಲೇ ಹೋಗಿದ್ದರು, ಕಾಕಾನೇ ಸಾಕಿದ್ದ.

ಹುಡುಗನ ಹೆಸರು ಸಚಿನ, ಊರು ಸಂಪಗಾಂವ. ಬಾಡಿಗೆಗೆ ಬಿಡುವ ಒಂದು ಕಾರು ಇತ್ತು. ಅದನ್ನು ಅಂಗಡಿಯ ಎದುರಿನ ಸ್ಟ್ಯಾಂಡಿನಲ್ಲೇ ನಿಲ್ಲಿಸುತ್ತಿದ್ದ. ಹುಬ್ಬಳ್ಳಿಯಿಂದ ಹೊಸ ಟೇಪ್ ಹಾಕಿಸಿಕೊಂಡು ಬಂದಿದ್ದ. ಎಲ್ಲರೂ ಕ್ಯಾಸೆಟ್ ಕಾಲದಿಂದ ಬಂದವರು, ಹಾಗಾಗಿ ಕ್ಯಾಸೆಟ್ ಹಿಡಿಯದಿದ್ದರೂ ಅದಕ್ಕೆ ಟೇಪ್ ಎಂದೇ ಹೆಸರು.

ಆ ಟೇಪಿನ ನೆವದಲ್ಲಿ ಸಚಿನ ದಿನವೂ ಅಂಗಡಿಗೆ ಬರತೊಡಗಿದ. ಒಂದು ದಿನ ಹಾಡು ಕಡಿಮೆ ಮಾಡಿ ನೋಡಿದರು. ಇನ್ನೊಂದು ದಿನ ಫೋಲ್ಡರ್ ಎಲ್ಲ ತೆಗೆದು ಹಾಡುಗಳನ್ನು ಬಿಡಿಬಿಡಿಯಾಗಿ ಇಟ್ಟು ನೋಡಿದರು. ರಾಜೇಶ್ವರಿ ತಾನೇ ಕಾರಿನಲ್ಲಿ ಕುಳಿತು ಚುಚ್ಚಿ, ತೆಗೆದು, ಊದಿ, ಮತ್ತೆ ಚುಚ್ಚಿದಳು. 'ನೋ ಡಿವೈಸ್'!

"ನಿಮ್ಮ ಟೇಪ್‌ಗೆ ನನ್ನ ಕಂಡ್ರ ಆಗಂಗಿಲ್ಲ" ಎಂದಳು.

"ಅದಕ್ಕಾಗಲಿಲ್ಲಂದ್ರೇನಾತು... ಅದರ ಮಾಲಕಗ ಆಗತೈತಲ್ಲ!"

ರಾಜೇಶ್ವರಿ ಬಾಗಿಲು ತೆಗೆದು ಇಳಿದು ಓಡಿದಳು. 'ಇವನಿಗೆ ಇನ್ನು ಅಣ್ಣಾರ ಅನ್ನಬಾರದು' ಎಂದು ಅವತ್ತೇ ನಿಶ್ಚಯ ಮಾಡಿಕೊಂಡಳು.

ಆಮೇಲೆ ಸಂಜೆ ಸಂಜೆ ಫೋನು ಶುರುವಾಯಿತು. ಸಚಿನ ತನ್ನ ಅವ್ವನ ಬಗ್ಗೆ ಹೇಳಿದ. ಸಿದ್ದಲಿಂಗವ್ವ ಅಂದರೆ ಸಂಪಗಾಂವದ ಮದುವೆ ಮನೆಗಳಿಗೆಲ್ಲ ಬೇಕಾದ ಹೆಂಗಸು. ಮಗಳನ್ನು ಒಪ್ಪಿಸಿ ಕೊಡುವ ಪದವನ್ನು ಆಕೆ ಎತ್ತಿ ಹಾಡಿದರೆ ಬೀಗರ ಕಣ್ಣೂ ಒದ್ದೆಯಾಗುತ್ತಿತ್ತು. ಹೋದ ವರ್ಷ ಗಂಟಲಲ್ಲಿ ಗಡ್ಡೆ ಎದ್ದು ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

"ತಂಗಿ ಶೈಲಜಾನ ಲಗ್ನ ಐತಿ. ನೀ ಬರಾಕ ಬೇಕು. ಅವತ್ತ ನಿನಗೊಂದು ಕೇಳಸೂದೈತಿ."

"ಏನದು?"

"ಈಗ ಹೇಳಂಗಿಲ್ಲ! ಅದಕ್ಕರ ಟೇಪ್ ಲಗೂ ರಿಪೇರಿ ಆಗಬೇಕು."

ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಆ ಮಹಾರಾಯನಿಗೆ! ಪ್ರೀತಿಯಲ್ಲಿ ಬಿದ್ದ ಗಂಡಸರಿಗೆ ಈ ಗುಟ್ಟಿನ ಹುಚ್ಚು ಯಾಕೆ ಹಿಡಿಯುತ್ತದೋ ಕಾಣೆ.

ಮದುವೆ ಹತ್ತಿರ ಬಂತು. ಧಾರವಾಡದ ಗೆಳತಿಯೊಬ್ಬಳು ಫೋನಿನಲ್ಲಿ ದಾರಿ ತೋರಿಸಿದಳು. ಪೆನ್‌ಡ್ರೈವನ್ನು ಯಾರೋ ಬೇರೆ ರೀತಿ ಫಾರ್ಮ್ಯಾಟ್ ಮಾಡಿದ್ದಾರೆ, ಕಾರಿನ ಟೇಪಿಗೆ ಆ ರೀತಿ ತಿಳಿಯುವುದಿಲ್ಲ. ಪೂರ್ತಿ ಅಳಿಸಿ, ಹಳೆಯ ರೀತಿ ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿದರೆ ಓದುತ್ತದೆ.

ಸಚಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ. ರಾಜೇಶ್ವರಿ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ತೆಗೆದಿಟ್ಟುಕೊಂಡಳು.

"ಹಾಡ ಎಲ್ಲಾ ತಗೊಂಡೇನಿ. ಹಾಡ ಅಲ್ಲದ್ದು ಒಂದು ಫೈಲ್ ಉಳದೈತಿ. ಅಳಸ್ಲ್ಯಾ?"

ಸಚಿನ ಪರದೆ ನೋಡಲಿಲ್ಲ. ಆಕೆಯ ಕಿವಿಯ ಬಳಿ ಜಾರಿದ ಕೂದಲು ನೋಡುತ್ತಿದ್ದ.

"ಅಳಸ್ರಿ" ಎಂದ.

ಆಕೆ ಅಳಿಸಿದಳು, ಫಾರ್ಮ್ಯಾಟ್ ಮಾಡಿ ಹಾಡುಗಳನ್ನು ಮತ್ತೆ ತುಂಬಿದಳು. ಕಾರಿಗೆ ಹೋಗಿ ಚುಚ್ಚಿದರೆ ಟೇಪ್ ಕಣ್ಣು ಮಿಟುಕಿಸಿತು. ಹಾಡು ಮೊಳಗಿತು! ಇಬ್ಬರೂ ಸಣ್ಣ ಮಕ್ಕಳ ಹಾಗೆ ಚಪ್ಪಾಳೆ ಹೊಡೆದರು. ಟೇಪ್ ಓದಿತಲ್ಲ ಎಂಬ ಖುಷಿಯಲ್ಲಿ ಒಳಗೆ ಏನಿದೆ, ಏನಿಲ್ಲ ಎಂದು ಯಾರೂ ನೋಡಲಿಲ್ಲ.

ಮದುವೆಯ ದಿನ ರಾಜೇಶ್ವರಿ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸಂಪಗಾಂವಕ್ಕೆ ಹೋದಳು. ಹಂದರದಲ್ಲಿ ಸಿದ್ದಲಿಂಗವ್ವ ಆಕೆಯ ಗದ್ದ ಹಿಡಿದು ಮುಖ ನೋಡಿ ನಕ್ಕಳು. 'ಇವರು ನನ್ನ ಅತ್ತಿ ಆದ್ರ...' ಎಂದು ರಾಜೇಶ್ವರಿ ಅಂದುಕೊಂಡಳು.

ಶೈಲಜಾಳನ್ನು ಹೂಲಿಯ ಬೀಗರಿಗೆ ಒಪ್ಪಿಸುವ ಹೊತ್ತು ಬಂತು. ಕಾರು ಹಂದರದ ಬಾಗಿಲಲ್ಲಿ ನಿಂತಿತ್ತು, ನಾಲ್ಕೂ ಬಾಗಿಲು ತೆರೆದಿದ್ದವು.

ಸಚಿನ ಎಲ್ಲರಿಗೂ ಕೇಳುವಂತೆ ಹೇಳಿದ: "ಆಪರೇಶನ್‌ದ ಹಿಂದಿನ ದಿನ ಅವ್ವ ಒಪ್ಪಿಸಿ ಕೊಡೂ ಪದಾ ಹಾಡಿದ್ಲು. ನಾ ಮೊಬೈಲಿನ್ಯಾಗ ಹಿಡದು ಈ ಪೆನ್‌ಡ್ರೈವಿಗೆ ಹಾಕಿ ಇಟ್ಟೇನಿ. ಇವತ್ತ ನಮ್ಮ ಶೈಲಾನ ಅವ್ವ ತನ್ನ ದನೀಲೇ ಒಪ್ಪಸತಾಳ!"

ಸಿದ್ದಲಿಂಗವ್ವ ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟು, ದನಿಯಿಲ್ಲದ ತುಟಿ ತೆರೆದು, ತನ್ನ ಪದಕ್ಕಾಗಿ ಕಾದಳು.

ರಾಜೇಶ್ವರಿಗೆ ತಟ್ಟನೆ ನೆನಪಾಯಿತು. ಒಂದು ಫೈಲ್... ಹಾಡಲ್ಲದ ಒಂದು ಫೈಲ್!

ಸಚಿನ ಗುಂಡಿ ಒತ್ತಿದ. ಢಂಢಂ ಎಂದು ಕುಣಿಯುವ ಸಿನಿಮಾ ಹಾಡೊಂದು ಊರೆಲ್ಲ ಕೇಳುವಂತೆ ಒದರಿತು.

ಬೀಗರ ಕಡೆಯ ಹುಡುಗರು ಗೊಳ್ಳೆಂದು ನಕ್ಕರು. ಒಬ್ಬ ಸೀಟಿ ಹೊಡೆದು ಕುಣಿದ. ಸಚಿನ ಗಾಬರಿಯಾಗಿ ಮುಂದಿನದು ಒತ್ತಿದ, ಅದರ ಮುಂದಿನದು ಒತ್ತಿದ. ಸುತ್ತಿ ಬಂದು ಮತ್ತೆ ಅದೇ ಢಂಢಂ. ಸಿದ್ದಲಿಂಗವ್ವನ ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಸೆರಗಿನಿಂದ ಮುಖ ಮುಚ್ಚಿ ಆಕೆ ಒಳಗೆ ನಡೆದುಬಿಟ್ಟಳು.

"ಅದೊಂದು ಫೈಲ್..." ರಾಜೇಶ್ವರಿ ಮುಂದೆ ಬಂದಳು. "ನೀವ ಅಳಸ್ರಿ ಅಂದ್ರೆಲಾ... ನನಗ ಗೊತ್ತಿರಲಿಲ್ಲ..."

"ನಾ ಅಂದ್ನಿ? ನಮ್ಮವ್ವನ ದನಿ ಅಳಸಂತ ನಾ ಅಂದ್ನೇನು?" ಸಚಿನನ ಕಣ್ಣು ಕೆಂಡವಾಗಿದ್ದವು. "ಡಾಕ್ಟರ್ ಒಂದ್ಸಲ ಕೊಯ್ದ, ಇಕಿ ಎರಡನೇ ಸಲ ಕೊಯ್ದ್ಲು! ಹೆತ್ತಾಕೀನ ಕಾಣದಾಕಿಗೆ ಅವ್ವನ ದನಿ ಅಂದ್ರ ಏನಂತ ಹ್ಯಾಂಗ ತಿಳೀಬೇಕು!"

ಇಡೀ ಹಂದರ ಕೇಳಿತು. ರಾಜೇಶ್ವರಿಗೆ ಅಳು ಕೂಡ ಬರಲಿಲ್ಲ. ಯಾರೋ ಕಪಾಳಕ್ಕೆ ಹೊಡೆದಂತೆ ನಿಂತಿದ್ದವಳು, ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ಸಿನ ಕಡೆಗೆ ನಡೆದಳು.

ಮೊಬೈಲಿನಲ್ಲಿ ಹಿಡಿದ ದನಿಯ ಫೈಲ್ ಬೇರೆ ಥರದ್ದು. ಉಳಿಸಿದ್ದರೂ ಆ ಟೇಪ್ ಅದನ್ನು ಓದುತ್ತಿರಲಿಲ್ಲ. ಇದು ಅವ್ವನ ಪದ ಎಂದು ಒಂದು ಮಾತು ಹೇಳಿದ್ದರೆ ರಾಜೇಶ್ವರಿ ಅಲ್ಲೇ ಕೂತು ಹಾಡಿನ ಥರಕ್ಕೆ ಬದಲಿಸಿ ಕೊಡುತ್ತಿದ್ದಳು. ಒಂದೇ ಒಂದು ಮಾತು!

ಮರುದಿನದಿಂದ ಶಿಕ್ಷೆ ಶುರುವಾಯಿತು. ಮುಂಜಾನೆ ರಾಜೇಶ್ವರಿ ಅಂಗಡಿಯ ಬಾಗಿಲು ತೆಗೆಯುತ್ತಲೇ ಎದುರು ಸ್ಟ್ಯಾಂಡಿನಲ್ಲಿ ಸಚಿನನ ಕಾರು. ನಾಲ್ಕೂ ಬಾಗಿಲು ತೆರೆದು, ದನಿ ಪೂರ್ತಿ ಏರಿಸಿ, ಅದೇ ಢಂಢಂ ಹಾಡು.

ಅವನು ಕಾರಿಗೆ ಒರಗಿ, ಹಾಡು ಮುಗಿಯುವವರೆಗೆ ಆಕೆಯನ್ನೇ ನೋಡುತ್ತಿದ್ದ.

ಊರ ಬಾಯಿ ಕೇಳಬೇಕೆ? "ದನಿ ಅಳಸೂ ಅಂಗಡಿ ಇದ ಏನ್ರಿ?" ಎಂದು ಗಿರಾಕಿಗಳು ನಗುತ್ತಿದ್ದರು. ಒಂದು ದಿನ ರಾಜೇಶ್ವರಿ ತಡೆಯಲಾರದೆ ರಸ್ತೆ ದಾಟಿದಳು.

"ಪೆನ್‌ಡ್ರೈವ್ ಕೊಡ್ರಿ. ಅಳಿಸಿದ್ದು ತಗದು ಕೊಡೋರು ಬೆಳಗಾವ್ಯಾಗ ಅದಾರಂತ. ನಾ ಒಯ್ತೇನಿ."

"ನಾ ಹೋಗಿ ಬಂದೇನಿ. ಮ್ಯಾಲ ನಿನ್ನ ಹಾಡ ತುಂಬೀದಿ, ಅದಕ್ಕ ಏನೂ ಸಿಗಂಗಿಲ್ಲಂತ. ನೀ ತುಂಬಿದ್ದ ಕೇಳು, ಚಂದ ಐತಿ!"

"ಎಷ್ಟ ದಿನಾ ಹಿಂಗ?"

"ನಿನ್ನ ಕಿವಿ ಕಿವುಡಾಗೂತನಾ."

'ಇಷ್ಟು ಕೆಟ್ಟವನನ್ನೇ ನಾನು ಪ್ರೀತಿಸಿದೆನೇ?' ರಾಜೇಶ್ವರಿ ರಾತ್ರಿಯೆಲ್ಲ ಅತ್ತಳು. ಆದರೂ ಮುಂಜಾನೆ ಕಾರು ಬರುವುದು ತುಸು ತಡವಾದರೆ ಕಣ್ಣು ರಸ್ತೆಯ ಮೇಲೇ ಇರುತ್ತಿತ್ತು. ಆ ಕಣ್ಣನ್ನು ಆಕೆ ಎಷ್ಟು ಬೈದುಕೊಂಡಳೋ!

ಶ್ರಾವಣ ಬಂತು. ಒಂದು ಮುಂಜಾನೆ ಢಂಢಂ ಅರ್ಧಕ್ಕೆ ನಿಂತಿತು.

ರಾಜೇಶ್ವರಿ ಹೊರಗೆ ನೋಡಿದಳು. ಸಂಪಗಾಂವದ ಬಸ್ಸಿನಿಂದ ಇಳಿದ ಸಿದ್ದಲಿಂಗವ್ವ ಟೇಪಿನಿಂದ ಪೆನ್‌ಡ್ರೈವ್ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಮಗ ಮಾಡುತ್ತಿರುವುದು ಯಾರ ಬಾಯಿಂದಲೋ ಆಕೆಯ ಕಿವಿಗೆ ಬಿದ್ದಿತ್ತು.

ಸ್ಟ್ಯಾಂಡಿನ ಮಂದಿಯೆಲ್ಲ ನೋಡುತ್ತಿರುವಂತೆಯೇ ಆಕೆ ಸಚಿನನ ಕಪಾಳಕ್ಕೆ ಬಾರಿಸಿದಳು. ಅವನ ತೋಳು ಹಿಡಿದು ದರದರ ಎಳೆದು ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ರಾಜೇಶ್ವರಿಯ ಕೈ ಹಿಡಿದು, ಮಗನ ಕಡೆ ಬೆರಳು ಮಾಡಿ, ಮಾತಾಡು ಎಂದು ಸನ್ನೆ ಮಾಡಿದಳು.

ಸಚಿನ ತಲೆ ತಗ್ಗಿಸಿದ.

"ಅವ್ವಾ... ಆಕೀ ತಪ್ಪಲ್ಲ. ಅಳಸ್ರಿ ಅಂದಾಂವ ನಾನ."

ರಾಜೇಶ್ವರಿ ಅವನ ಕಡೆ ತಿರುಗಿದಳು.

"ಅದೊಂದ ಅಲ್ಲವ್ವಾ. ಮೊಬೈಲಿನ್ಯಾಗೂ ನಿನ್ನ ಪದಾ ಇತ್ತು. ಅದನ್ನ ಮೊದಲ ಅಳಿಸಿದ್ನಿ... ಫೋನಿನ್ಯಾಗ ಇಕಿ ಆಡಿದ್ದ ಮಾತ ಹಿಡದ ಇಟ್ಕೋಬೇಕಂತ. ಜಾಗಾ ಇರಲಿಲ್ಲ. ನಿಂದು ಪೆನ್‌ಡ್ರೈವಿನ್ಯಾಗ ಐತೆಲಾ ಅಂತ..." ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ. "ನನ್ನ ನಾ ಹೊಡಕೊಳ್ಳಾಕ ಆಗಲಿಲ್ಲವ್ವಾ. ಅದಕ್ಕ ಇಕೀನ ಹೊಡದ್ನಿ."

ಸಿದ್ದಲಿಂಗವ್ವ ಮಗನ ಕಣ್ಣೀರು ಒರೆಸಲಿಲ್ಲ. ಹಿಡಿದಿದ್ದ ರಾಜೇಶ್ವರಿಯ ಕೈಯನ್ನು ಮಾತ್ರ ಗಟ್ಟಿಯಾಗಿ ಅದುಮಿ, ಬಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು.

"ನನ್ನ ಮಾತು ಈಗೂ ಐತೇನು ಮೊಬೈಲಿನ್ಯಾಗ?" ರಾಜೇಶ್ವರಿ ಕೇಳಿದಳು.

"ಐತಿ. ದಿನಾ ರಾತ್ರಿ ಕೇಳತೇನಿ."

"ರಾತ್ರಿ ಕೇಳತಿ, ಮುಂಜಾನೆ ಬಂದು ಅಳಸತಿ!"

"ನಿನ್ನ ಮ್ಯಾಲ ಜೀವಾ ಇಟ್ಟೇನಿ, ರಾಜೀ. ನಿನ್ನ ಕಾಲ ಬೀಳತೇನಿ. ಕ್ಷಮಾ ಮಾಡಂಗಿಲ್ಲೇನು?"

"ಇಲ್ಲ."

"ಯಾವತ್ತಿಗೂ?"

"ಹಂದರದಾಗ ಹೆತ್ತಾಕೀನ ಕಾಣದಾಕಿ ಅಂದೆಲಾ... ಅದಕ್ಕ ಕ್ಷಮಾ ಇಲ್ಲ, ಸಚಿನ. ನಾ ಕ್ಷಮಾ ಮಾಡಿದ್ರ ನೀ ಮರತುಬಿಡತಿ. ಅದನ್ನ ಮರೀಗೊಡಬಾರದಂದ್ರ ನಾ ಜನ್ಮಾನಗಟ್ಲೆ ನಿನ್ನ ಮಗ್ಗಲದಾಗ ಇರಬೇಕಾಗತೈತಿ."

ಸಚಿನ ತಲೆ ಎತ್ತಿದ. ಆಕೆಯ ಕಣ್ಣು ತುಂಬಿ ಹರಿಯುತ್ತಿದ್ದವು.

"ಮಗ್ಗಲದಾಗ... ಅಂದ್ರ?"

"ಅಂದ್ರ ಅದ! ನಮ್ಮ ಕಾಕಾ ಒಳಗ ಕುಂತಾನ. ಹೋಗು, ಅವ್ವನ ಕರ್ಕೊಂಡ ಬಾ. ಖರೆ ನೀ ಬಾಯಿ ತಗೀಬ್ಯಾಡ, ನೀ ಬಾಯಿ ತಗದ್ರ ಬರೇ ವಿಷಾ ಬರತೈತಿ. ನಿಮ್ಮವ್ವ ಬಂದು ಹೆಣ್ಣ ಕೇಳಲಿ."

"ಅವ್ವ ಹ್ಯಾಂಗ ಕೇಳತಾಳ, ರಾಜೀ? ಆಕಿಗೆ ದನಿ..."

"ಈಗ ನನ್ನ ಕೈ ಹಿಡದು ಕೇಳಿದ್ಲು. ನನಗ ಕೇಳಿಸ್ತು."